ಕುರ್ಚಿಯಲ್ಲಿ ವಾಯುಭಾರ ಕುಸಿತ

ಗಾಳಿ ಮೇಷ್ಟ್ರಿಗೆ ಆ ಹೆಸರು ಬಿದ್ದದ್ದು ಅವರು ಏಳನೆಯ ತರಗತಿಗೆ ಹವಾಮಾನದ ಪಾಠ ಮಾಡುತ್ತಿದ್ದರು ಎಂದಷ್ಟೇ ಅಲ್ಲ, ಆ ಪಾಠವನ್ನು ಬಾಯಿಂದಲೇ ಬೀಸುತ್ತಿದ್ದರು ಎಂದು. ತಂಗಾಳಿ, ಸುಂಟರಗಾಳಿ, ಕಿಟಕಿಯ ಸಂದಿಯಲ್ಲಿ ಸಿಕ್ಕಿಕೊಂಡು ಒದ್ದಾಡುವ ಗಾಳಿ, ಎಲ್ಲವೂ ಅವರ ಗಂಟಲಲ್ಲಿದ್ದವು. ಮುಖ್ಯೋಪಾಧ್ಯಾಯಿನಿಯ ದನಿಯೂ ಇತ್ತು. ಅದನ್ನು ಗುಡುಗಿನ ಪಾಠಕ್ಕೆಂದು ತೆಗೆದಿರಿಸಿದ್ದರು.

ಕೆಲಸ ಮಾತ್ರ ತಾತ್ಕಾಲಿಕ. ನಾಳೆ ಶಾಲೆಯ ತಪಾಸಣೆಗೆ ಅಧಿಕಾರಿ ಬರುವವರಿದ್ದರು. ಅವರು ತರಗತಿಯಲ್ಲಿ ಕೂತು, ಪಾಠ ನೋಡಿ, ನಾಲ್ಕು ಒಳ್ಳೆಯ ಮಾತು ಬರೆದರೆ ಖಾಯಂ. ಇಲ್ಲದಿದ್ದರೆ ಬೇಸಿಗೆಗೆ ಮಕ್ಕಳ ಜೊತೆ ಮೇಷ್ಟ್ರಿಗೂ ರಜೆ. ಮಕ್ಕಳದು ಮುಗಿದರೂ ಇವರದು ಮುಗಿಯುವುದಿಲ್ಲ.

"ದಿನದಿನಕ್ಕೂ ಬದಲಾಗೋದು ಹವಾಮಾನ, ಎಷ್ಟೋ ವರ್ಷ ನೋಡಿ ಹೇಳೋದು ವಾಯುಗುಣ ಅಂತ ಮಕ್ಕಳಿಗೆ ಹೇಳಿಕೊಡ್ತೀರಲ್ಲ," ಎಂದಳು ಹೆಂಡತಿ, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತ. "ನಿಮ್ಮ ಕೆಲಸ ಯಾವಾಗ್ರೀ ವಾಯುಗುಣ ಆಗೋದು?"

"ನಾಳೆ ಆಗುತ್ತೆ ಕಣೆ."

"ನಾಳೆ ನಾಳೆ ಅಂತ ಮದುವೆ ಆದಾಗಿಂದ ಹೇಳ್ತಿದಾರೆ," ಎಂದರು ಅತ್ತೆ. "ಅದೇ ನೋಡು, ಈ ಮನೆ ವಾಯುಗುಣ."

ಅತ್ತೆ ಇದನ್ನು ಹೇಳಿದ್ದು ಫ್ಯಾನಿನ ಕೆಳಗಿನ ಕುರ್ಚಿಯಿಂದ. ಎರಡು ನಿಮಿಷದ ಹಿಂದೆ ಅಲ್ಲಿ ಕೂತಿದ್ದವರು ಮೇಷ್ಟ್ರು. ಸೆಕೆಗೆ ಬೆವೆತು, ನೀರು ಕುಡಿಯಲು ಎದ್ದಿದ್ದರು. ಅವರು ಎದ್ದರೆ ಸಾಕು, ಅತ್ತೆ ದಿವಾನದಿಂದ ಕುರ್ಚಿಗೆ, ಬೆಕ್ಕು ಕಿಟಕಿಯಿಂದ ದಿವಾನಕ್ಕೆ. ಗಾಳಿ ಯಾಕೆ ಬೀಸುತ್ತದೆ ಎಂಬುದನ್ನು ಮೇಷ್ಟ್ರು ಕಾಲೇಜಿನಲ್ಲಿ ಓದಿದ್ದರು, ಆದರೆ ಮನಸ್ಸಿಗೆ ನಾಟಿದ್ದು ಈ ಕುರ್ಚಿಯಲ್ಲಿ.

ಅದನ್ನೇ ತರಗತಿಗೆ ಒಯ್ದಿದ್ದರು. ಬಿಸಿಲು ಬೀಳುವ ಕಿಟಕಿಯ ಪಕ್ಕದವರು ಮೊದಲು ಬಿಸಿಯಾಗಬೇಕು. ಬಿಸಿಯಾದವರು ಏಳಬೇಕು. ಖಾಲಿ ಜಾಗಕ್ಕೆ ಪಕ್ಕದವರು ಜರುಗಬೇಕು, ಅವರ ಜಾಗಕ್ಕೆ ಅವರ ಪಕ್ಕದವರು. ಎದ್ದವರು ತಣ್ಣಗಾದ ಮೇಲೆ ದೂರದ ಗೋಡೆಯ ಪಕ್ಕ ಇಳಿಯಬೇಕು. ಹೀಗೆ ಜರುಗುವುದೇ ಗಾಳಿ. ಮಕ್ಕಳಿಗೆ ಇದು ಎಷ್ಟು ಮೈಗೂಡಿತೆಂದರೆ ಊಟದ ಹೊತ್ತಿನಲ್ಲೂ ಕೈ ತೊಳೆಯಲು ಎದ್ದವರಿಗೆ ಮತ್ತೆ ಆ ಜಾಗ ಸಿಗುತ್ತಿರಲಿಲ್ಲ.

"ನಾಳೆ ಈ ಎದ್ದು ಕೂರೋ ಸರ್ಕಸ್ಸು ಬೇಡ," ಎಂದು ಮುಖ್ಯೋಪಾಧ್ಯಾಯಿನಿ ಅಂದೇ ಎಚ್ಚರಿಸಿದ್ದರು. ಮೇಷ್ಟ್ರು ಅದನ್ನು ಅವರದೇ ದನಿಯಲ್ಲಿ ಮಕ್ಕಳಿಗೆ ದಾಟಿಸಿದ್ದರು: "ನಾಳೆ ನಿಮ್ಮಲ್ಲಿ ಒಬ್ಬರೂ ಏಳಕೂಡದು."

ಮರುದಿನ ಅಧಿಕಾರಿ ಬಂದರು. ದಪ್ಪನೆಯ ಕೋಟು, ಅದಕ್ಕೆ ಒಪ್ಪುವ ಹೊಟ್ಟೆ. ಮುಖ್ಯೋಪಾಧ್ಯಾಯಿನಿ ಗೌರವಕ್ಕೆಂದು ಮುಂದಿನ ಬೆಂಚಿನ ತುದಿಗೆ, ಕಿಟಕಿಯ ಬುಡದಲ್ಲಿ, ಮೆತ್ತೆಯ ಕುರ್ಚಿ ಹಾಕಿಸಿದ್ದರು. ಅದರಾಚೆ ತಮ್ಮದೊಂದು. ಇಡೀ ಕೋಣೆಯಲ್ಲಿ ಬಿಸಿಲು ಬೀಳುವ ಜಾಗ ಅದೊಂದೇ.

"ಗಾಳಿ ಯಾಕೆ ಬೀಸುತ್ತೆ? ಯಾರು ಹೇಳ್ತೀರಿ?" ಎಂದರು ಅಧಿಕಾರಿ.

ಯಾರೂ ಹೇಳಲಿಲ್ಲ. ಉತ್ತರ ಇದ್ದದ್ದು ಕಾಲಲ್ಲಿ, ಕಾಲಿಗೆ ಇವತ್ತು ನಿಷೇಧ. ಹಿಂದಿನ ಬೆಂಚಿನವನೊಬ್ಬ ಪಾಪ, ಏಳಲೂ ಆಗದೆ ಹೇಳಲೂ ಆಗದೆ ಕೂತಲ್ಲೇ ಒಂದಿಷ್ಟು ಉಬ್ಬಿ ಸುಮ್ಮನಾದ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರ ಗಂಟಲಲ್ಲಿದ್ದ ಗಾಳಿಯೆಲ್ಲ ನಿಂತುಹೋಯಿತು.

ಬರೆಯುವ ಮೊದಲು ಅಧಿಕಾರಿ ಕತ್ತು ಒರೆಸಿಕೊಂಡರು. ಕೋಟಿನ ಗುಂಡಿ ಬಿಚ್ಚಿದರು. "ಏನ್ರೀ ಇದು, ಇಷ್ಟೊಂದು ಬಿಸಿಲು," ಎನ್ನುತ್ತ ಎದ್ದು ಕಿಟಕಿಯ ಬಾಗಿಲು ಎಳೆಯಲು ಹೋದರು.

ಬೆಂಚಿನ ತುದಿಯಲ್ಲಿದ್ದ ಪಟಪಟಿ ಎಂಬ ಹುಡುಗಿ ಜರುಗಿ ಅಧಿಕಾರಿಯ ಕುರ್ಚಿಯಲ್ಲಿ ಕೂತಳು. ಅವಳ ಹಿಂದೆ ಇಡೀ ಬೆಂಚು ಜರುಗಿತು.

"ಏಯ್, ಏನೇ ಇದು," ಎಂದು ಮುಖ್ಯೋಪಾಧ್ಯಾಯಿನಿ ಕೆಂಡವಾಗಿ ಎದ್ದರು. ಪಟಪಟಿ ಅವರ ಕುರ್ಚಿಗೆ ಜರುಗಿದಳು. ಅಧಿಕಾರಿಯ ಕುರ್ಚಿಗೆ ಅವಳ ಪಕ್ಕದವನು ಬಂದ.

"ಯಾರೂ ಏಳಬಾರದು ಅಂದಿದ್ದೆನಲ್ಲಮ್ಮ," ಎಂದರು ಮೇಷ್ಟ್ರು, ತಮ್ಮದೇ ದನಿಯಲ್ಲಿ.

"ನಾವೆಲ್ಲಿ ಎದ್ವಿ ಸಾರ್? ಇವರೇ ಎದ್ದಿದ್ದು," ಎಂದಳು ಪಟಪಟಿ.

ಅಧಿಕಾರಿ ತಿರುಗಿ ನೋಡಿದರು. "ನಮ್ಮ ಕುರ್ಚೀಲಿ ಯಾಕಮ್ಮ ಕೂತ್ರಿ?"

"ನೀವು ಬಿಸಿ ಆದ್ರಲ್ಲ ಸಾರ್. ಬಿಸಿಯಾದ ಗಾಳಿ ಹಿಗ್ಗುತ್ತೆ, ಹಗುರ ಆಗುತ್ತೆ, ಮೇಲೇಳುತ್ತೆ."

ಅಧಿಕಾರಿ ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು. ಹಗುರ ಎಂದು ಅವರನ್ನು ಯಾರಾದರೂ ಕರೆದು ಬಹಳ ಕಾಲವಾಗಿತ್ತು.

"ಆಮೇಲೆ?"

"ಎದ್ದ ಜಾಗದಲ್ಲಿ ಒತ್ತಡ ಕಡಿಮೆ. ನಮ್ಮ ಬೆಂಚಲ್ಲಿ ಮೊಣಕೈ ಆಡಿಸಕ್ಕೂ ಜಾಗ ಇಲ್ಲ, ಒತ್ತಡ ಜಾಸ್ತಿ. ಜಾಸ್ತಿ ಇರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಬಂದ್ವಿ. ಅದೇ ಗಾಳಿ ಸಾರ್."

"ಸರಿ. ಈಗ ನಾನೆಲ್ಲಿ ಕೂರಲಿ?"

"ಸ್ವಲ್ಪ ತಣ್ಣಗಾಗಿ ಸಾರ್. ತಣ್ಣಗಾದ್ರೆ ಮತ್ತೆ ಭಾರ ಆಗ್ತೀರಿ. ಅಲ್ಲಿ ಗೋಡೆ ಪಕ್ಕ ಇಳೀಬಹುದು."

ಅಧಿಕಾರಿ ಕಿಟಕಿ ಮುಚ್ಚಿ, ಕೋಟು ಕಳಚಿ, ತಣ್ಣಗಾದರು. ಕೋಣೆ ದಾಟಿ ಹೋಗಿ ಬೆಂಚಿನ ಆ ತುದಿಯಲ್ಲಿ ಇಳಿದರು. ಬೆಂಚು ಭಾರದ ವಿಷಯದಲ್ಲಿ ಪಟಪಟಿಯ ಮಾತನ್ನು ಅನುಮೋದಿಸಿತು. ಮುಖ್ಯೋಪಾಧ್ಯಾಯಿನಿ ಇನ್ನೂ ತಣ್ಣಗಾಗಿರಲಿಲ್ಲ, ನಿಂತೇ ಇದ್ದರು.

"ಈ ಪಾಠ ಮಾಡೋ ರೀತಿ ಎಲ್ಲಿ ಕಲಿತ್ರಿ ಮೇಷ್ಟ್ರೇ?"

ಒಳ್ಳೆಯ ಗ್ರಂಥವೊಂದರ ಹೆಸರು ಹೇಳಬೇಕೆಂದು ಮೇಷ್ಟ್ರಿಗೆ ಅನಿಸಿತು. ನೆನಪಾಗಲಿಲ್ಲ. "ಮನೇಲಿ ಸಾರ್. ನಮ್ಮ ಅತ್ತೆ ಹತ್ರ. ಫ್ಯಾನ್ ಕೆಳಗೆ ಒಂದು ಕುರ್ಚಿ ಇದೆ."

ಅಧಿಕಾರಿ ಮತ್ತೆ ಪೆನ್ನು ತೆಗೆದರು. "ನಮ್ಮನೇಲೂ ಇದೆ," ಎಂದು ಬಗ್ಗಿ ಬರೆಯತೊಡಗಿದರು.

ಸಂಜೆ ಮೇಷ್ಟ್ರು ಮನೆಗೆ ಬಂದು ಫ್ಯಾನಿನ ಕೆಳಗೆ ಕೂತರು. "ಮಕ್ಕಳಿಗೆ ವಿಷಯ ಮೈಗೇ ಹತ್ತಿದೆ, ಇವರನ್ನ ಖಾಯಂ ಮಾಡಿ ಅಂತ ಬರೆದು ಹೋದ್ರು ಕಣೆ."

ಹೊಲಿಗೆ ಯಂತ್ರ ನಿಂತಿತು. "ಹಾಗಾದ್ರೆ ವಾಯುಗುಣ," ಎಂದಳು ಹೆಂಡತಿ.

"ವಾಯುಗುಣ. ಎಲ್ಲ ಅತ್ತೆ ಆಶೀರ್ವಾದ." ಮೇಷ್ಟ್ರು ಉಬ್ಬಿಹೋದರು, ಹಗುರಾದರು. ಇಷ್ಟು ದೊಡ್ಡ ಮಾತನ್ನು ಕೂತುಕೊಂಡು ಹೇಳಬಾರದೆಂದು, ದಿವಾನದ ಮೇಲಿದ್ದ ಅತ್ತೆಯ ಕಾಲಿಗೆ ಬೀಳಲು ಎದ್ದರು.

ದಿವಾನದ ಮೇಲೆ ಬೆಕ್ಕು ಮಾತ್ರ ಇತ್ತು. ಮೇಷ್ಟ್ರು ಗೋಡೆಗೆ ಒರಗಿ ನಿಂತು, ತಣ್ಣಗಾಗುವುದನ್ನು ಕಾದು, ಮೂಲೆಯ ಸ್ಟೂಲಿನ ಮೇಲೆ ಇಳಿದರು.