ಚಾಲಾ ಎಂಬ ಮಾತು

“ಆ ದೀಪದ ವಿಷಯ ತೆಗೆದುಬಿಡು, ಮಿಕ್ಕಿದ್ದೆಲ್ಲ ಚೆನ್ನಾಗಿದೆ,” ಎಂದಳು ಬುಲೋರಜ್ಜಿ, ಕೊತ್ತಂಬರಿ ಹೆಚ್ಚುವ ಕೈ ನಿಲ್ಲಿಸದೆ.

“ದೀಪ ತೆಗೆದ್ರೆ ಉಳಿಯೋದು ನನ್ನ ಹೆಸರು ಮಾತ್ರ ಬೀಬಿ,” ಎಂದಳು ಮೊಮ್ಮಗಳು ಬಹೋರ್.

ಬುಖಾರಾದ ಆ ಅಡುಗೆಮನೆಯಲ್ಲಿ ಶುಕ್ರವಾರದ ನಾಲ್ಕು ಗಂಟೆ. ಯೆಹೂದಿ ಅಧ್ಯಯನದ ಪದವಿ ವಿದ್ಯಾರ್ಥಿಗಳ ಪ್ರಬಂಧ ಸ್ಪರ್ಧೆಗೆ ಐದರೊಳಗೆ ಕಳಿಸಬೇಕು. ಬಹೋರಳದು ಕೊನೆಯ ವರ್ಷ, ಇನ್ನೊಂದು ಅವಕಾಶವಿಲ್ಲ. ಐದಕ್ಕೇ ಸಬ್ಬತ್ತಿನ, ಅಂದರೆ ಯೆಹೂದಿಗಳ ವಾರದ ವಿರಾಮದ ದಿನದ, ದೀಪ ಹಚ್ಚುವ ಹೊತ್ತು. ಆಮೇಲೆ ಈ ಮನೆಯಲ್ಲಿ ಯಾರೂ ಒಂದಕ್ಷರ ಬರೆಯುವಂತಿಲ್ಲ.

ಬುಖಾರಾದ ಯೆಹೂದಿಗಳು ಆ ದೀಪವನ್ನು ಗೂಡಿನಲ್ಲಿಟ್ಟು ಪರದೆ ಎಳೆಯುತ್ತಾರೆ ಎಂದು ಅವಳು ಬರೆದಿದ್ದಳು. ಹುಟ್ಟಿದಾಗಿನಿಂದ ಕಂಡದ್ದು, ಎಲ್ಲರ ಮನೆಯಲ್ಲೂ ಹಾಗೇ ಅಂದುಕೊಂಡಿದ್ದಳು. ಬೆಳಿಗ್ಗೆ ಕಾಲೇಜಿನಲ್ಲಿ ಪಾಠ ಹೇಳುವ ನಿಗೋರಾ ಮೇಡಂ ಫೋನು ಮಾಡಿ, “ಏಳು ಮನೆ ವಿಚಾರಿಸಿದೆ ಕಣೇ, ಯಾರೂ ಪರದೆ ಎಳೆಯಲ್ವಂತೆ. ನಿಮ್ಮಲ್ಲಿ ಮಾತ್ರ ಯಾಕೆ? ಕೇಳಿ ಬರಿ, ಇಲ್ದಿದ್ರೆ ಮೊದಲ ಪುಟದಲ್ಲೇ ಪಕ್ಕಕ್ಕಿಡ್ತಾರೆ,” ಎಂದಿದ್ದರು.

“ಗಾಳಿಗೆ ಆರಬಾರದು ಅಂತ ಪರದೆ,” ಎಂದಳು ಅಜ್ಜಿ.

“ಕಿಟಕಿನೇ ಇಲ್ಲದ ಕಡೆ ಯಾವ ಗಾಳಿ ಬೀಬಿ?”

“ಓದಿದೋಳಲ್ವಾ ನೀನು, ಗಾಳಿಗೂ ಸರ್ಟಿಫಿಕೇಟು ಕೇಳು.”

ಬಹೋರ್ ನಗಲಿಲ್ಲ. “ನಾವು ಚಾಲಾ ಜನಾನಾ?”

ಚಾಕು ನಿಂತಿತು. ಹಿಂದೆ ಬುಖಾರಾ ಆಳುತ್ತಿದ್ದ ಅಮೀರನ ಕಾಲದಲ್ಲಿ ಪ್ರಾಣಭಯಕ್ಕೆ ಮುಸಲ್ಮಾನರಾಗಿ, ಒಳಗೊಳಗೇ ಯೆಹೂದಿಗಳಾಗಿ ಉಳಿದವರಿಗೆ ಊರು ಇಟ್ಟ ಹೆಸರು ಅದು, ಎಡಬಿಡಂಗಿಗಳು ಎಂದರ್ಥ. ಎರಡೂ ಕಡೆಯವರು ಅವರೊಡನೆ ಮದುವೆ ಸಂಬಂಧ ಬೆಳೆಸುತ್ತಿರಲಿಲ್ಲ.

ಅಜ್ಜಿ ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದಳು. “ಮದುವೆ ಮಾತಿನಲ್ಲಿ ನಮ್ಮಪ್ಪ, ಸಮರ್ಕಂದದ ಒಳ್ಳೇ ಮನೆತನ ಅಂದುಬಿಟ್ಟ. ನಿಮ್ಮ ತಾತ ಸಾಯೋವರೆಗೂ ನಂಬಿದ್ರು. ಅವರ ತಂಗಿ ಫ್ರೇಖೊ ನ್ಯೂಯಾರ್ಕಲ್ಲಿ ಕೂತು ಈಗಲೂ ನಂಬಿದಾಳೆ. ಐವತ್ತೆರಡು ವರ್ಷ ಅವಳಿಗೆ ಸುಳ್ಳೇ ಬಡಿಸಿದೀನಿ.”

“ನಿಮ್ಮ ಹೆಸರು ಹಾಕಲ್ಲ. ಒಬ್ಬ ಮುದುಕಿ ಅಂತ ಬರೀತೀನಿ.”

“ಗೆದ್ರೆ ಅಚ್ಚಾಗುತ್ತೆ. ಈ ಊರಲ್ಲಿ ಉಳಿದಿರೋ ಮುದುಕಿಯರೇ ಎಷ್ಟು ಜನ? ಫ್ರೇಖೊ ಒಂದೇ ಉಸಿರಿಗೆ ಹಿಡೀತಾಳೆ.”

ನಾಲ್ಕೂಮೂವತ್ತೈದು. ಬಹೋರ್ ಲ್ಯಾಪ್‌ಟಾಪ್ ಮುಚ್ಚಿದಳು. “ಬೇಡ ಬಿಡಿ. ಕಳಿಸಲ್ಲ.” ಮನಸಾರೆಯೇ ಅಂದಳು, ಆದರೆ ಅಂಗೈ ಮುಚ್ಚಳದ ಮೇಲಿಂದ ಏಳಲಿಲ್ಲ. ಅಜ್ಜಿ ಆ ಕೈಯನ್ನೇ ನೋಡುತ್ತ ಕೂತಳು. ಒಲೆಯ ಮೇಲೆ ಅಕ್ಕಿಯ ನೀರು ಕುದಿಯತೊಡಗಿತು; ಇಬ್ಬರೂ ಏಳಲಿಲ್ಲ.

“ಆ ಮುಚ್ಚಳ ತೆಗಿ,” ಎಂದಳು ಅಜ್ಜಿ ಕಡೆಗೆ. “ಮುದುಕಿ ಗಿದುಕಿ ಬೇಡ, ಬುಲೋರ್ ಅಂತಲೇ ಬರಿ. ನಮ್ಮಜ್ಜಿ ಪರದೆ ಎಳೆದದ್ದು ತಲೆ ಉಳಿಸಿಕೊಳ್ಳೋಕೆ. ನಾನು ಎಳೀತಾ ಇದ್ದದ್ದು ನಾಚಿಕೆಗೆ. ಎರಡನ್ನೂ ಬರಿ.”

“ಫ್ರೇಖೊ ಅಜ್ಜಿ?”

“ಪ್ರಬಂಧ ಓದಿ ಅವಳು ತಿಳ್ಕೊಳ್ಳೋದು ಬೇಡ. ಫೋನು ಕೊಡಿಲ್ಲಿ.”

“ಅಲ್ಲಿ ಈಗ ತಾನೇ ಬೆಳಗಾಗ್ತಿದೆ ಬೀಬಿ.”

“ಒಳ್ಳೇದೇ ಆಯ್ತು. ಬಯ್ಯೋಕೆ ಇಡೀ ದಿನ ಸಿಗುತ್ತೆ.”

ಬಹೋರ್ ಕೀಲಿಮಣೆಯ ಮೇಲೆ ಬಗ್ಗಿದಳು. ಫೋನು ಐದು ಸಲ ರಿಂಗಾಯಿತು. ಆರನೆಯ ಸಲಕ್ಕೆ ಆ ಕಡೆ ಎತ್ತಿದರು. ಅಜ್ಜಿ ಸ್ಟೂಲು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು.