ತೆರೆಯುವ ಕೈ

ಗ್ಲ್ಯಾಡ್‌ಸನ್ ಶವಪೆಟ್ಟಿಗೆಯೊಳಗೆ ಕೈಹಾಕಿ ತಾಯಿಯ ಮಣಿಕಟ್ಟು ಹಿಡಿದು ಎಳೆದ. ಮಗ್ದಲಿನಳ ಬೆರಳುಗಳಿಗೆ ಸುತ್ತಿದ್ದ ಜಪಮಾಲೆ ಸಡಿಲವಾಯಿತು.

“ಅಯ್ಯೋ ದೇವರೇ, ಯಾರಾದ್ರೂ ಬಿಡಿಸಿ ಮಾರಾಯ್ರೆ!” ನೆರೆಮನೆಯ ಲೋಕಯ್ಯ ಕೂಗಿದ.

“ಚಾದ ಹೊತ್ತಾಯ್ತಲ್ಲ, ಅಡುಗೆಮನೆಗೆ ಕರೀತಿದ್ದಾನೆ,” ಎಂದ ಅಪ್ಪ ಫಿಲಿಪ್. ಇಪ್ಪತ್ತೆಂಟು ವರ್ಷದ ಮಗನ ಬೆರಳು ಬಿಡಿಸಲು ನೋಡಿದ. ಆಗಲಿಲ್ಲ. ಮಗನಿಗೆ ಮಾತಿಲ್ಲ. ಡಬ್ಬಿ ತೆರೆಯಬೇಕೆಂದರೂ, ಬಾಗಿಲ ಚಿಲಕ ತೆಗೆಯಬೇಕೆಂದರೂ ತಾಯಿಯ ಕೈ ಹಿಡಿದು ತಂದು ಅದರ ಮೇಲಿಡುತ್ತಿದ್ದ. ಅಪ್ಪನ ಕೈಯನ್ನು ಒಮ್ಮೆಯಾದರೂ ಹಿಡಿದವನಲ್ಲ. ಇನ್ನು ಯಾರ ಕೈ? ಬೆಳಗಿನಿಂದ ಫಿಲಿಪ್‌ನನ್ನು ಕೊರೆಯುತ್ತಿದ್ದುದು ಇದೊಂದೇ.

ಮಗ್ದಲಿನಳ ತಂಗಿ ಟ್ರೀಜಾ ತನ್ನ ಮಗಳನ್ನು ಮುಂದಕ್ಕೆ ದೂಡಿದಳು. “ಜೂಲಿಯೆಟ್, ನೀನೊಮ್ಮೆ ಹೇಳಿ ನೋಡು. ನಿಮಗಿಬ್ಬರಿಗೂ ಒಂದೇ ಅಲ್ವಾ?”

ಅಳುವಿನ ಸದ್ದು ತಾಳಲಾರದೆ ಕಿವಿ ಮುಚ್ಚಿಕೊಂಡಿದ್ದ ಜೂಲಿಯೆಟ್ ಗೋಡೆಗೆ ಇನ್ನಷ್ಟು ಒತ್ತಿ ನಿಂತಳು.

*

ಗ್ಲ್ಯಾಡ್‌ಸನ್ ಚಿಕ್ಕವನಿದ್ದಾಗ ಕಾಸರಗೋಡಿನಲ್ಲಿ ‘ಬುದ್ಧಿಮಾಂದ್ಯ’ ಎಂದು ಬರೆದುಕೊಟ್ಟಿದ್ದರು. ಆಮೇಲೆ ಮಂಗಳೂರಿನ ಡಾಕ್ಟರು ‘ಆಟಿಸಂ’ ಎಂದರು. ಮಗ್ದಲಿನ್ ಎರಡಕ್ಕೂ ತಲೆಯಾಡಿಸಿ, ಮಗನನ್ನು ಕರೆದುಕೊಂಡು ತಮ್ಮೂರು ಬಂದ್ಯೋಡಿಗೆ ಬಸ್ಸು ಹತ್ತಿದ್ದಳು. ಮನೆಗೆ ಬಂದವನು ಅದೇ ಮಗ.

ಕಳೆದ ವರ್ಷ, ಕಾಲೇಜಿನಲ್ಲಿ ಎಲ್ಲರಿಗಿಂತ ಮುಂದಿದ್ದ ಜೂಲಿಯೆಟ್‌ಗೂ ಡಾಕ್ಟರು ಅದೇ ಹೆಸರು ಹೇಳಿದಾಗ ಟ್ರೀಜಾ ಅತ್ತಳು. ಮಗ್ದಲಿನಳಿಗೋ ಹೇಳಿಕೊಳ್ಳಲಾರದ ಸಂತೋಷ! ಹುಡುಗಿಯನ್ನು ಊಟಕ್ಕೆ ಕರೆದು, ಬಂಗಡೆ ಹುರಿದು ಬಡಿಸಿ, ಕೇಳಿಯೇ ಬಿಟ್ಟಳು.

“ಅವನ ಒಳಗೆ ಎಂತ ಉಂಟು, ಹೇಳು ಬಾಯೆ. ನಿನಗಾದ್ರೂ ಗೊತ್ತಿರ್ಬೇಕಲ್ಲ.”

“ಗೊತ್ತಿಲ್ಲ ಮೌಶಿ. ನನ್ನನ್ನು ಯಾರಾದ್ರೂ ಮುಟ್ಟಿದ್ರೆ ಮೈ ಉರೀತದೆ. ಅವನು ನಿಮ್ಮ ಕೈ ಬಿಡುವುದೇ ಇಲ್ಲ. ನಿಜವಾಗಿ ನನಗೆ ಗೊತ್ತಿಲ್ಲ.”

ಮಗ್ದಲಿನ್ ಇನ್ನೊಂದು ಬಂಗಡೆ ಬಡಿಸಿದಳು.

*

ಅಂತೂ ಇಬ್ಬರು ಸೇರಿ ಗ್ಲ್ಯಾಡ್‌ಸನ್‌ನ ಕೈ ಬಿಡಿಸಿದರು. ಇಗರ್ಜಿಯ ಹಿಂದಿನ ಸಮಾಧಿ ಸ್ಥಳದಲ್ಲಿ ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಫಿಲಿಪ್ ಹೆಂಡತಿಯ ಹಣೆಗೆ ಕೊನೆಯ ಮುತ್ತು ಕೊಟ್ಟ. ಮುಖಕ್ಕೆ ಬಿಳಿ ಬಟ್ಟೆ ಎಳೆದು ಮುಚ್ಚಳ ಹಾಕಿದರು.

“ಇಕೊ ಮಗಾ, ನನ್ನ ಕೈ ಹಿಡಿ,” ಎಂದು ಫಿಲಿಪ್ ಕೈಚಾಚಿದ.

ಗ್ಲ್ಯಾಡ್‌ಸನ್ ಅದನ್ನು ನೋಡಲೂ ಇಲ್ಲ. ಜನರನ್ನು ದಾಟಿ ಹೋಗಿ, ದೂರ ಒಬ್ಬಳೇ ನಿಂತಿದ್ದ ಜೂಲಿಯೆಟ್‌ಳ ಮಣಿಕಟ್ಟು ಹಿಡಿದ. ಅವಳ ಮೈ ಸೆಟೆಯಿತು.

“ನೋಡಿ ಬಾವಾ! ಅವರವರಿಗೆ ತಿಳೀತದೆ, ನಾನು ಹೇಳ್ಲಿಲ್ವಾ?” ಟ್ರೀಜಾ ಕಣ್ಣೊರೆಸಿಕೊಂಡಳು. ಫಿಲಿಪ್‌ಗೂ ಹೋದ ಜೀವ ಬಂದಂತಾಯಿತು.

ಗ್ಲ್ಯಾಡ್‌ಸನ್ ಅವಳನ್ನು ಪೆಟ್ಟಿಗೆಯ ಹತ್ತಿರ ಎಳೆತಂದು, ಅವಳ ಅಂಗೈಯನ್ನು ಮುಚ್ಚಳದ ಮೇಲಿಟ್ಟ. ಕಾದ.

ಪೆಟ್ಟಿಗೆ ಇಳಿಸಲು ಹಗ್ಗ ಹಿಡಿದವರು ಫಿಲಿಪ್‌ನ ಮುಖ ನೋಡಿದರು. ಫಿಲಿಪ್ ನೆಲ ನೋಡಿದ. ಜೂಲಿಯೆಟ್ ಹಲ್ಲು ಕಚ್ಚಿ ನಿಂತಳು, ಕೈ ಮಾತ್ರ ತೆಗೆಯಲಿಲ್ಲ. ಗ್ಲ್ಯಾಡ್‌ಸನ್ ಮುಚ್ಚಳವನ್ನೇ ನೋಡುತ್ತ ಆ ಕೈಯನ್ನು ಮತ್ತೊಮ್ಮೆ ಒತ್ತಿದ.