ನೋಡಿ ಬರೆದದ್ದು

"ಇಲ್ಲಿ ಒತ್ತಿದ್ರೆ ಗುಳಿ ಬೀಳ್ತದೆ ಟೀಚ್ರೆ, ನೋಡಿ," ಎಂದು ಸೀತು ಮಗನ ಪಾದದ ಮೇಲೆ ಹೆಬ್ಬೆರಳು ಊರಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. ಅಂಗಾರ ಅಳಲಿಲ್ಲ. ಎರಡು ವರ್ಷದ ಹುಡುಗ, ಊರಿಡೀ ಕೇಳುವ ಹಾಗೆ ಅರಚಬೇಕಾದವನು, ಅಮ್ಮನ ಮೊರದಲ್ಲಿದ್ದ ಬೀಡಿಗಳನ್ನು ನೋಡುತ್ತ ಸುಮ್ಮನೆ ಕುಳಿತಿದ್ದ. ದಮಯಂತಿ ಪೆನ್ಸಿಲನ್ನು ಚೂಪು ಮಾಡಿಕೊಂಡು ದುಂಡಗಿನ ಅಕ್ಷರಗಳಲ್ಲಿ ಬರೆದಳು: ಪಾದಗಳಲ್ಲಿ ಬಾವು. ಕೂದಲು ಕೆಂಚಗಾಗಿದೆ. ಆಟದಲ್ಲಿ ಆಸಕ್ತಿ ಇಲ್ಲ.

ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ಪುತ್ತೂರಿನ ಟ್ರೈನಿಂಗ್ ಶಾಲೆಯಲ್ಲಿ ಮೇಷ್ಟ್ರಾಗಲು ಬಂದವರು ಪಾಠ ಹೇಳುವುದನ್ನು ಕಲಿಯುತ್ತಾರೆಂದು ತಿಳಿದಿದ್ದವರು ಒಮ್ಮೆ ಅಲ್ಲಿಗೆ ಹೋಗಿ ನೋಡಬೇಕಿತ್ತು. ಗಣಿತಕ್ಕೆ ಹುಣಸೆಬೀಜದ ಮಾಲೆ ಪೋಣಿಸಬೇಕು, ಭೂಗೋಳಕ್ಕೆ ರಟ್ಟು ಅಂಟಿಸಿ ಪಶ್ಚಿಮ ಘಟ್ಟ ಎಬ್ಬಿಸಬೇಕು, ಚರಿತ್ರೆಗೆ ಅರಸರ ಕಾಲಪಟ್ಟಿ, ಪ್ರಕೃತಿ ಪಾಠಕ್ಕೆ ಒಣಗಿಸಿದ ಎಲೆಗಳು, ಕೈಕಸಬಿಗೆ ತಕಲಿಯಲ್ಲಿ ನೂತ ನೂಲು. ಬೆಳ್ಳಾರೆಯ ಶೀಲಾವತಿ, ದಮಯಂತಿಯ ಕೋಣೆಯವಳು, ಖಾದಿ ಅಂಗಡಿಯಿಂದ ನೂಲು ತಂದು ತನ್ನದೆಂದು ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ದಮಯಂತಿಗೆ ಅಂಥ ಧೈರ್ಯವಿರಲಿಲ್ಲ. ಅವಳು ಎಲ್ಲವನ್ನೂ ಕೈಯಾರೆ ಮಾಡಿದಳು. ಉಳಿದದ್ದು ಶಿಶು ಅಧ್ಯಯನ ಒಂದೇ.

ಅದರ ನಿಯಮ ಕಟ್ಟುನಿಟ್ಟು. ಒಂದು ಮಗುವನ್ನು ಆರಿಸಿಕೊಂಡು ಅವಧಿ ಮುಗಿಯುವ ತನಕ ವಾರವಾರವೂ ಅದನ್ನೇ ನೋಡಬೇಕು. ನಡುವೆ ಮಗು ಕೈತಪ್ಪಿದರೆ ಬೇರೆ ಮಗು, ಮೊದಲಿನಿಂದ ಶುರು. "ನಮ್ಮದು ನೋಡುವ ಕೆಲಸ, ಬರೆಯುವ ಕೆಲಸ," ಎಂದು ಮನಶ್ಶಾಸ್ತ್ರದ ಚನಿಯಪ್ಪ ಮಾಸ್ಟ್ರು ಮೊದಲೇ ಹೇಳಿದ್ದರು. "ಮಧ್ಯೆ ನೀವು ಕೈ ಹಾಕಿದ್ರೆ ಅದು ಅಧ್ಯಯನ ಅಲ್ಲ, ನೆಂಟಸ್ತಿಕೆ." ತರಗತಿ ಗೊಳ್ಳೆಂದು ನಕ್ಕಿತ್ತು. ದಮಯಂತಿಯೂ ನಕ್ಕಿದ್ದಳು.

ಶಾಲೆಯ ಹಿಂದಿನ ಗುಡ್ಡದಲ್ಲಿ ಬೀಡಿ ಕಟ್ಟುವ ಸೀತುವಿನ ಗುಡಿಸಲು ಹತ್ತಿರವಿತ್ತು, ಅಂಗಾರನನ್ನು ಆರಿಸಿಕೊಳ್ಳಲು ಅಷ್ಟೇ ಕಾರಣ. ಅವಳ ಗಂಡ ಘಟ್ಟದ ತೋಟಗಳಿಗೆ ಕೂಲಿಗೆಂದು ಹೋದವನು ಹೋದ ಹಾಗೆಯೇ. ಎರಡನೆಯ ಕೂಸು ಹುಟ್ಟಿದ ಮೇಲೆ ಅಂಗಾರನಿಗೆ ಎದೆಹಾಲು ತಪ್ಪಿತು. ಅವನ ಪಾಲಿಗೆ ಬಂದದ್ದು ಗಂಜಿಯ ತಿಳಿ. ಮೊದಮೊದಲು ಅವನು ದಮಯಂತಿಯ ಅಳತೆಯ ಟೇಪನ್ನು ಎಳೆದು ಓಡುತ್ತಿದ್ದ. ಆಮೇಲೆ ಓಡುವುದನ್ನು ಬಿಟ್ಟ, ನಡೆಯುವುದನ್ನೂ ಬಿಟ್ಟ. ಅದೆಲ್ಲವನ್ನೂ ಅವಳು ಒಂದೂ ತಪ್ಪದೆ ಬರೆದಳು.

"ನೀನು ಅದನ್ನು ಆಸ್ಪತ್ರೆಗೆ ಕಳಿಸ್ಬಾರ್ದಾ ಮಾರಾಯ್ತಿ?" ಎಂದು ಶೀಲಾವತಿ ಒಂದು ದಿನ ಕೇಳಿಯೇಬಿಟ್ಟಳು. "ಆರೋಗ್ಯಶಾಸ್ತ್ರದಲ್ಲಿ ನಾವೇ ಓದಿದ್ದಲ್ವಾ, ಕಾಲು ಬೀಗುದು ಅಂದ್ರೆ ಎಂತ ಅಂತ?"

"ಆಸ್ಪತ್ರೆಯವರು ಮಲಗಿಸಿಕೊಂಡ್ರೆ ನಾನು ಯಾರನ್ನು ನೋಡುದು? ಬೇರೆ ಮಗು ಹುಡುಕ್ಲಿಕ್ಕೆ ಈಗ ಸಮಯ ಎಲ್ಲಿ ಉಂಟು?"

"ನಿನ್ನ ಕರ್ಮ," ಎಂದು ಶೀಲಾವತಿ ಮಗ್ಗುಲಾದಳು. ಅವಳಿಗೆ ಹೇಳಲು ಸುಲಭ. ಮನೆಯಲ್ಲಿ ಅವಳನ್ನು ಕಾಯುವ ಅಪ್ಪ ಇದ್ದ. ದಮಯಂತಿಯ ಗಂಡ ಕೊಡಗಿನ ತೋಟದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡ ಮೇಲೆ ಅವಳು ಅಜ್ಜಾವರದಲ್ಲಿ ಅಣ್ಣ ಪದ್ಮಯ್ಯನ ಮನೆ ಸೇರಿದ್ದಳು. ಅಲ್ಲಿ ಅತ್ತಿಗೆ ಅನ್ನ ಬಡಿಸುವಾಗ ಸೌಟು ತಟ್ಟೆಗೆ ಬಡಿಯುವ ಸದ್ದು ಜಗಲಿಗೆ ಕೇಳುತ್ತಿತ್ತು. ಸರ್ಟಿಫಿಕೇಟು ಕೈಗೆ ಬಂದರೆ ಎಲ್ಲಿಯಾದರೂ ಒಂದು ಶಾಲೆ, ಒಂದು ಬಾಡಿಗೆ ಕೋಣೆ, ತನ್ನದೇ ಒಲೆ. ಇಲ್ಲದಿದ್ದರೆ ಸಾಯುವ ತನಕ ಆ ಸೌಟು. ಅಧ್ಯಯನ ಒಪ್ಪಿಸಿದ ದಿನವೇ ಅಂಗಾರನನ್ನು ತಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತೇನೆ ಎಂದು ಅವಳು ಮನಸ್ಸಿಗೆ ಮಾತು ಕೊಟ್ಟಳು. ಮನಸ್ಸು ಪಾಪ, ಅದನ್ನು ನಂಬಿತು.

ಕೊನೆಯ ಭೇಟಿಯ ದಿನ ಸೀತು ಬೀಡಿಯ ಎಲೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟಳು.

"ನೀವು ಬರೆದದ್ದು ಅಲ್ಲಿಗೆ ಮುಟ್ಟಿತಾ ಟೀಚ್ರೆ?"

"ಎಲ್ಲಿಗೆ?"

"ಡಾಕ್ಟ್ರಿಗೆ. ಮಲೇರಿಯದವ್ರು ಮೊದ್ಲು ಗೋಡೆಯಲ್ಲಿ ಬರೆದು ಹೋದ್ರು, ಮತ್ತೆ ಮದ್ದು ಹೊಡಿಲಿಕ್ಕೆ ಬಂದ್ರು. ಸಿಡುಬಿನ ಸೂಜಿಯವ್ರು ಕೂಡ ಹಾಗೇ, ಮೊದ್ಲು ಬರೆಯುದು, ಮತ್ತೆ ಬರುದು. ಇವನದ್ದು ಯಾವಾಗ ಬರ್ತದೆ?"

ಇಷ್ಟು ದಿನ ಈ ಹೆಂಗಸು ಕೂಲಿಯ ಹೊತ್ತು ಕಳೆದುಕೊಂಡು ಮಗುವನ್ನು ಒಡ್ಡಿ ಕೂತದ್ದು ಯಾಕೆಂದು ದಮಯಂತಿಗೆ ಈಗ ತಿಳಿಯಿತು. ಇದು ನನ್ನ ಪರೀಕ್ಷೆಗೆ, ನಿನ್ನ ಮಗುವಿಗಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಸೀತು ಅಲ್ಲೇ ಎದ್ದು ಹೋದರೆ? ಇನ್ನೂ ತೋಳಿನ ಸುತ್ತಳತೆ ಬರೆಯುವುದು ಬಾಕಿಯಿತ್ತು.

"ಮುಟ್ಟುತ್ತದೆ," ಎಂದಳು. ನಾಲಗೆ ಅಷ್ಟು ಸಲೀಸಾಗಿ ಹೊರಳಿದ್ದಕ್ಕೆ ಅವಳಿಗೇ ಹೇಸಿಗೆಯಾಯಿತು. ಟೇಪನ್ನು ಅಂಗಾರನ ತೋಳಿಗೆ ಸುತ್ತಿದಳು.

ಒಪ್ಪಿಸಿದ ದಿನ, ಅಂಕ ಬರುವ ತನಕ ಇರಲಿ, ಇನ್ನೊಮ್ಮೆ ನೋಡಿ ಬಾ ಅಂದರೆ ಮಗು ಬೇಕಲ್ಲ ಎಂದುಕೊಂಡಳು. ಮುಂದಿನ ವಾರ ಚನಿಯಪ್ಪ ಮಾಸ್ಟ್ರು ಎಲ್ಲರ ಅಧ್ಯಯನಗಳನ್ನೂ ತಿದ್ದಿ ತಂದರು. ಉಳಿದವರದ್ದನ್ನು ಹಂಚಿ, ದಮಯಂತಿಯದ್ದನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡರು. "ಕೇಳಿ ಎಲ್ಲರೂ. ನೋಡುದು ಅಂದ್ರೆ ಹೀಗೆ." ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: ಮಗು ಈಗ ಗೋಡೆಗೆ ಒರಗಿಯೇ ಕೂರುತ್ತದೆ. ಹೆಸರು ಹಿಡಿದು ಕರೆದರೆ ಕಣ್ಣು ತಿರುಗಿಸುತ್ತದೆ, ಕತ್ತು ತಿರುಗಿಸುವುದಿಲ್ಲ. "ಒಂದು ಹೆಚ್ಚಿನ ಮಾತಿಲ್ಲ, ಒಂದು ಕಣ್ಣೀರಿಲ್ಲ! ನಾನು ಇಷ್ಟು ಅಂಕ ಯಾರಿಗೂ ಕೊಟ್ಟದ್ದಿಲ್ಲ." ಶೀಲಾವತಿ ಹಿಂದಿನಿಂದ ಅವಳ ಬೆನ್ನಿಗೆ ಗುದ್ದಿದಳು. ದಮಯಂತಿಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗಂಟೆ ಹೊಡೆದದ್ದೇ ತಡ, ಅವಳು ಸೀರೆಯ ನೆರಿಗೆ ಎತ್ತಿಹಿಡಿದು ಗುಡ್ಡ ಹತ್ತಿದಳು. ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಇರುತ್ತಾರೆ, ಇವತ್ತೇ ಆಗಬೇಕು. ಎತ್ತಿಕೊಳ್ಳಲು ಒಂದು ಹಳೆಯ ಪಂಚೆಯನ್ನೂ ಹೆಗಲಿಗೆ ಹಾಕಿಕೊಂಡಿದ್ದಳು.

ಸೀತು ಎಂದಿನ ಜಾಗದಲ್ಲೇ ಬೀಡಿ ಕಟ್ಟುತ್ತಿದ್ದಳು. ಗೋಡೆಯ ಬುಡ ಖಾಲಿಯಿತ್ತು.

"ಅಂಗಾರ ಎಲ್ಲಿ?"

"ಮೊನ್ನೆ ಹೋದ," ಎಂದಳು ಸೀತು, ಕೈ ನಿಲ್ಲಿಸದೆ. "ಬೆಳಿಗ್ಗೆ ಗಂಜಿ ಬಾಯಿಗೆ ಇಟ್ಟೆ, ನುಂಗಲಿಲ್ಲ. ಆಚೆಮನೆ ದೇವಕಿ ಆಸ್ಪತ್ರೆಗೆ ಕೊಂಡುಹೋಗು, ಕೊಂಡುಹೋಗು ಅಂತ ಎಷ್ಟು ಸಲ ಹೇಳಿದ್ಲು. ನಾನೇ ಬೇಡ ಅಂದೆ. ಟೀಚ್ರು ಬರೆದುಕೊಂಡು ಹೋಗಿದ್ದಾರೆ, ಮದ್ದಿನವ್ರು ಬರುವಾಗ ನಾವು ಇಲ್ಲಿ ಇಲ್ಲದಿದ್ರೆ ಅವ್ರು ಹಾಗೇ ಹಿಂದೆ ಹೋಗುದಿಲ್ವಾ?"

ದಮಯಂತಿ ಅವಳ ಎದುರು ನೆಲದ ಮೇಲೆ ಕುಳಿತಳು. "ಸೀತು, ನಾನು ಬರೆದದ್ದು..." ಎಂದಳು. ಹೆಗಲ ಮೇಲಿದ್ದ ಪಂಚೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

"ನೀವು ಅಳ್ಬೇಡಿ. ನಿಮ್ಮದೆಂತ ತಪ್ಪು? ನೀವು ಎಷ್ಟು ಕಷ್ಟಪಟ್ಟು ಬರ್ದಿದ್ದೀರಿ, ನಾನು ನೋಡಿದ್ದೇನೆ. ಸರ್ಕಾರದ ಕೆಲಸ ಅಲ್ವಾ, ತಡ ಆಗ್ತದೆ."

ಸೀತು ಮೊರವನ್ನು ಬದಿಗೆ ಸರಿಸಿ ಎದ್ದಳು. ಒಳಗೆ ಜೋಲಿಯಲ್ಲಿ ಮಲಗಿದ್ದ ಕೂಸನ್ನು ಎತ್ತಿ ತಂದು, ಸೆರಗಿನಿಂದ ಅದರ ಮೂಗು ಒರೆಸಿ, ದಮಯಂತಿಯ ಮಡಿಲಿಗೆ ಹಾಕಿದಳು.

"ಇನ್ನು ಇವಳನ್ನು ಬರೀರಿ ಟೀಚ್ರೆ. ಈ ಸಲ ಸ್ವಲ್ಪ ಬೇಗ ಬರ್ಲಿಕ್ಕೆ ಹೇಳಿ ಅವ್ರಿಗೆ."

ಕೂಸು ಕಣ್ಣು ಬಿಟ್ಟು ಹೊಸ ಮುಖವನ್ನು ನೋಡಿತು. ಆಮೇಲೆ ದಮಯಂತಿಯ ಸೀರೆಯ ಅಂಚನ್ನು ಎಳೆದು ಬಾಯಿಗೆ ಹಾಕಿಕೊಂಡು, ಹಾಲು ಬರುವುದೆಂಬಂತೆ ಚೀಪತೊಡಗಿತು.